ಬೆಳಗಿನ ಥಿಯರಿ, ಮಧ್ಯಾಹ್ನದ ಪ್ರಾಕ್ಟಿಕಲ್: ನಡುವೆ ಒಂದು ಗೋಡೆ

ಸಮೂಹ ಸಂವಹನ ಓದುತ್ತಿರುವವರಿಗೆ, ಸೇರಬೇಕೆಂದಿರುವವರಿಗೆ, ಪಾಠ ಮಾಡುವವರಿಗೂ ಸೇರಿ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಬಿಡುವು ಮಾಡಿಕೊಂಡು ಓದಿ.

ಸಿಲಬಸ್ ಹಳೆಯದಾಯಿತು, ಕ್ಯಾಮೆರಾ ಸಾಲುವುದಿಲ್ಲ ಎಂಬ ದೂರು ಈ ಕೋರ್ಸಿನ ಬಗ್ಗೆ ಯಾವಾಗಲೂ ಇದ್ದೇ ಇರುತ್ತದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ತೊಂದರೆ ಬೇರೆ. ಬೆಳಗಿನ ಥಿಯರಿ ಕ್ಲಾಸಿಗೂ ಮಧ್ಯಾಹ್ನದ ಪ್ರಾಕ್ಟಿಕಲ್ಲಿಗೂ ಮಾತುಕತೆಯೇ ಇಲ್ಲ. ಬೆಳಿಗ್ಗೆ ‘ಗೇಟ್‌ಕೀಪಿಂಗ್’ (ಬಂದ ಸುದ್ದಿಗಳಲ್ಲಿ ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ಆರಿಸುವುದು) ಎಂದು ನಾಲ್ಕು ಪುಟ ನೋಟ್ಸ್ ಬರೆದುಕೊಂಡವರು ಮಧ್ಯಾಹ್ನ ಲ್ಯಾಬ್ ಪತ್ರಿಕೆಯ, ಅಂದರೆ ಅಭ್ಯಾಸಕ್ಕೆಂದು ವಿದ್ಯಾರ್ಥಿಗಳೇ ತರುವ ಪತ್ರಿಕೆಯ, ಪುಟ ಕಟ್ಟಲು ಕೂರುತ್ತಾರೆ. ಹನ್ನೆರಡು ಸುದ್ದಿ ಬಂದಿರುತ್ತವೆ, ಐದು ಹಾಕುತ್ತಾರೆ. ಉಳಿದ ಏಳನ್ನು ಯಾಕೆ ಬಿಟ್ಟೆವು ಎಂದು ಯಾರೂ ಕೇಳಿಕೊಳ್ಳುವುದಿಲ್ಲ. ಬೆಳಿಗ್ಗೆ ಬರೆದುಕೊಂಡದ್ದನ್ನೇ ಈಗ ಕೈಯಾರೆ ಮಾಡುತ್ತಿದ್ದೇವೆ ಎಂಬುದು ಹೊಳೆಯುವುದೂ ಇಲ್ಲ.

ಗೇಟ್‌ಕೀಪಿಂಗ್ ಬಗ್ಗೆ ಡೇವಿಡ್ ಮ್ಯಾನಿಂಗ್ ವೈಟ್ 1950ರಲ್ಲಿ ಪ್ರಕಟಿಸಿದ ಅಧ್ಯಯನ ನಡೆದದ್ದೇ ಸುದ್ದಿ ಡೆಸ್ಕಿನ ಮೇಲೆ. ಅಮೆರಿಕದ ಒಂದು ಪತ್ರಿಕೆಯಲ್ಲಿ ಏಜೆನ್ಸಿ ಸುದ್ದಿ ಆರಿಸುವ ಸಂಪಾದಕರೊಬ್ಬರಿದ್ದರು. ಹೆಸರು ಮರೆಮಾಡಿ ಅವರನ್ನು ‘ಮಿಸ್ಟರ್ ಗೇಟ್ಸ್’ ಎಂದು ಕರೆದರು. 1949ರ ಫೆಬ್ರವರಿಯಲ್ಲಿ ಒಂದು ವಾರ ಪೂರ್ತಿ ಅವರು, ತಾವು ಹಾಕದೆ ಬಿಟ್ಟ ಸುದ್ದಿಗಳನ್ನು ಎಸೆಯದೆ ತೆಗೆದಿಟ್ಟು, ಬಿಟ್ಟದ್ದೇಕೆ ಎಂದು ಬರೆದರು. ಬಂದದ್ದರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಪಾಲು ಅಚ್ಚಾಗಲೇ ಇಲ್ಲ. ಕಾರಣಗಳಲ್ಲಿ ‘ಜಾಗವಿಲ್ಲ’ ಎಂಬುದೂ ಇತ್ತು, ಅವರ ಸ್ವಂತ ಇಷ್ಟಾನಿಷ್ಟವೂ ಇತ್ತು.

ಇದನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು. ಒಂದೇ ದಿನದ 30 ಸುದ್ದಿ ತೆಗೆದುಕೊಳ್ಳಿ. ಮೂರಕ್ಕೆ ಮಾತ್ರ ಜಾಗ. 40 ನಿಮಿಷ. ಆರಿಸಿದ ಮೂರಕ್ಕೆ ಕಾರಣ ಬರೆಯಬೇಡಿ, ಬಿಟ್ಟ 27ಕ್ಕೆ ಒಂದೊಂದು ಸಾಲು ಬರೆಯಿರಿ. ಇಬ್ಬರು ಬೇರೆ ಬೇರೆ ಕೂತು ಮಾಡಿ ಕೊನೆಗೆ ಹಾಳೆ ಬದಲಿಸಿಕೊಳ್ಳಿ. ಎಡವುವುದು ಎಲ್ಲಿ ಎಂದರೆ, ಹತ್ತನೇ ಸುದ್ದಿಯ ಹೊತ್ತಿಗೆ ‘ಮುಖ್ಯವಲ್ಲ’ ಎಂದು ಬರೆದು ಮುಂದೆ ಹೋಗುವ ಅಭ್ಯಾಸ ಶುರುವಾಗುತ್ತದೆ. ಅದನ್ನು ಒಪ್ಪಬಾರದು. ಯಾರಿಗೆ ಮುಖ್ಯವಲ್ಲ? ಓದುಗರಿಗೋ, ನಿಮಗೋ? ಆ ಪ್ರಶ್ನೆಗೆ ಉತ್ತರ ಬರೆಯುವಾಗ ಪೆನ್ನು ನಿಲ್ಲುತ್ತದಲ್ಲ, ಸಿದ್ಧಾಂತ ಅರ್ಥವಾಗುವುದು ಅಲ್ಲೇ. ಆಮೇಲೆ ಸಂಶೋಧಕರಾದ ಗಾಲ್ಟುಂಗ್ ಮತ್ತು ರೂಗೆ 1965ರಲ್ಲಿ ಪಟ್ಟಿಮಾಡಿದ 12 ಸುದ್ದಿ ಮೌಲ್ಯಗಳನ್ನು, ಅಂದರೆ ಒಂದು ಘಟನೆಯನ್ನು ಸುದ್ದಿಯಾಗಿಸುವ ಗುಣಗಳನ್ನು, ಓದಿದರೆ ಒಂದೊಂದೂ ನಿಮ್ಮ ಹಾಳೆಯಲ್ಲೇ ಸಿಗುತ್ತವೆ, ಬಾಯಿಪಾಠ ಬೇಕಿಲ್ಲ.

ಅಜೆಂಡಾ ಸೆಟ್ಟಿಂಗಿನದೂ (ಮಾಧ್ಯಮ ಒತ್ತು ಕೊಟ್ಟ ವಿಷಯವೇ ಜನರಿಗೂ ಮುಖ್ಯವಾಗಿ ಕಾಣುತ್ತದೆ ಎಂಬ ಸಿದ್ಧಾಂತ) ಇದೇ ಕಥೆ. ಸಂಶೋಧಕರಾದ ಮೆಕೂಂಬ್ಸ್ ಮತ್ತು ಶಾ 1968ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ ಚಾಪೆಲ್ ಹಿಲ್‌ನಲ್ಲಿ, ಯಾರಿಗೆ ಮತ ಹಾಕಬೇಕೆಂದು ಇನ್ನೂ ತೀರ್ಮಾನಿಸದಿದ್ದ 100 ಮತದಾರರನ್ನು ಮಾತನಾಡಿಸಿ, ಅವರು ಮುಖ್ಯ ಎಂದ ವಿಷಯಗಳನ್ನು ಮಾಧ್ಯಮಗಳು ಒತ್ತು ಕೊಟ್ಟ ವಿಷಯಗಳ ಜೊತೆ ಹೋಲಿಸಿದರು. ಫಲಿತಾಂಶ ಪ್ರಕಟವಾದದ್ದು 1972ರಲ್ಲಿ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕ ಬರುತ್ತದೆ. ಆದರೆ ಅದರ ಅರ್ಧ ಕೆಲಸ, ಅಂದರೆ ಪತ್ರಿಕೆಯ ವಸ್ತು ವಿಶ್ಲೇಷಣೆ (ಯಾವ ವಿಷಯದ ಸುದ್ದಿ ಎಷ್ಟು ಬಂದಿದೆ ಎಂದು ವಿಂಗಡಿಸಿ ಎಣಿಸುವುದು), ಕೊನೆಯ ವರ್ಷದ ಪ್ರಬಂಧವಾಗಿ ನಿಮ್ಮ ತಲೆಯ ಮೇಲೇ ಬರುತ್ತದೆ. ಹಾಗಾಗಿ ಅದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬಹಳಷ್ಟು ಪ್ರಬಂಧಗಳು ಕೆಡುವುದು ಮೊದಲ ಹೆಜ್ಜೆಯಲ್ಲೇ. ‘ಒಂದು ವಾರದ ಪತ್ರಿಕೆ’ ಎಂದು ಸೋಮವಾರದಿಂದ ಭಾನುವಾರದವರೆಗೆ ಒಂದೇ ಸಾಲಿನ ಏಳು ದಿನ ತೆಗೆದುಕೊಳ್ಳುತ್ತಾರೆ. ಆ ವಾರ ಒಂದು ದೊಡ್ಡ ಅಪಘಾತವೋ ಚುನಾವಣಾ ಫಲಿತಾಂಶವೋ ಬಂದರೆ ಪುಟಗಳೆಲ್ಲ ಅದೇ, ನಿಮ್ಮ ಲೆಕ್ಕವೂ ಅದೇ. ಇಡೀ ವರ್ಷದಿಂದ ಒಂದು ಸೋಮವಾರ, ಇನ್ನೆಲ್ಲಿಂದಲೋ ಒಂದು ಮಂಗಳವಾರ, ಹೀಗೆ ಚೀಟಿ ಎತ್ತಿ ವಾರ ಕಟ್ಟಬೇಕು. ಇಂಥ ಎರಡು ವಾರ, ಅಂದರೆ 14 ಸಂಚಿಕೆ, ಒಂದು ದಿನಪತ್ರಿಕೆಯ ಒಂದು ವರ್ಷವನ್ನು ತಕ್ಕಮಟ್ಟಿಗೆ ಪ್ರತಿನಿಧಿಸುತ್ತವೆ ಎಂದು 1993ರಷ್ಟು ಹಿಂದೆಯೇ ಸಂಶೋಧಕರು ಪರೀಕ್ಷಿಸಿ ತೋರಿಸಿದ್ದಾರೆ. ನೂರು ಸಂಚಿಕೆ ರಾಶಿ ಹಾಕಿಕೊಂಡು ಅರ್ಧದಲ್ಲಿ ಸುಸ್ತಾಗುವುದಕ್ಕಿಂತ ಈ 14ನ್ನು ಶ್ರದ್ಧೆಯಿಂದ ನೋಡುವುದು ಮೇಲು.

ಎರಡನೆಯದು ವರ್ಗೀಕರಣ. ‘ನೀರು’, ‘ಶಿಕ್ಷಣ’, ‘ಆರೋಗ್ಯ’ ಎಂದು ಕಾಲಂ ಹಾಕಿಕೊಂಡಿದ್ದೀರಿ ಅನ್ನಿ. ಶಾಲೆಯ ಕಲುಷಿತ ನೀರು ಕುಡಿದು ಮಕ್ಕಳು ಆಸ್ಪತ್ರೆ ಸೇರಿದ ಸುದ್ದಿ ಬಂತು. ಎಲ್ಲಿಗೆ ಹಾಕುತ್ತೀರಿ? ಬೆಳಿಗ್ಗೆ ಆರೋಗ್ಯಕ್ಕೆ ಹಾಕಿದವರು ಸಂಜೆ ಅಂಥದೇ ಇನ್ನೊಂದನ್ನು ನೀರಿಗೆ ಹಾಕಿರುತ್ತಾರೆ. ಇದಕ್ಕೆ ಎಣಿಕೆ ಶುರುಮಾಡುವ ಮುಂಚೆಯೇ ನಿಯಮ ಬರೆದಿಡಬೇಕು: ಉದಾಹರಣೆಗೆ, ‘ಶೀರ್ಷಿಕೆ ಮತ್ತು ಮೊದಲ ಪ್ಯಾರಾ ಯಾವ ವಿಷಯದ ಮೇಲೆ ನಿಂತಿದೆಯೋ ಅದೇ ವರ್ಗ’. ನಂತರ ಗೆಳೆಯರೊಬ್ಬರಿಗೆ ಆ ನಿಯಮದ ಹಾಳೆ ಮಾತ್ರ ಕೊಟ್ಟು, ಒಟ್ಟು ಸುದ್ದಿಗಳಲ್ಲಿ ಶೇ 10ರಷ್ಟನ್ನು ಅವರಿಂದಲೂ ವರ್ಗೀಕರಣ ಮಾಡಿಸಿ. ನೂರಕ್ಕೆ ಎಷ್ಟು ಹೊಂದಿಕೆಯಾಯಿತು ಎಂಬ ಲೆಕ್ಕ ಸಾಲದು, ಏಕೆಂದರೆ ವರ್ಗಗಳು ಮೂರೇ ಇದ್ದಾಗ ಕಣ್ಣು ಮುಚ್ಚಿ ಹಾಕಿದರೂ ಒಂದಷ್ಟು ಹೊಂದುತ್ತವೆ. ಆ ಆಕಸ್ಮಿಕವನ್ನು ಕಳೆದು ಹೇಳುವ ಅಳತೆ ಕ್ರಿಪೆನ್‌ಡಾರ್ಫ್ ಆಲ್ಫಾ. ಪೂರ್ತಿ ಹೊಂದಿದರೆ ಅದು 1; 0.80 ಮುಟ್ಟಿದರೆ ನಿಶ್ಚಿಂತೆ. ಮುಟ್ಟದಿದ್ದರೆ ಇಬ್ಬರೂ ಕೂತು ಉತ್ತರ ಹೊಂದಿಸಿಕೊಳ್ಳಬೇಡಿ, ಅದು ಮೋಸ. ನಿಯಮ ತಿದ್ದಿ, ಹೊಸ ಸುದ್ದಿಗಳ ಮೇಲೆ ಮತ್ತೆ ಮಾಡಿ.

ಇನ್ನು ಧ್ವನಿ. ವಿಡಿಯೊ ಕಲಿಯುವವರೆಲ್ಲ ಲೆನ್ಸ್ ಬಗ್ಗೆ ಮಾತಾಡುತ್ತಾರೆ, ಮೈಕ್ ಬಗ್ಗೆ ಕೇಳುವವರು ಕಡಿಮೆ. ಚಿತ್ರ ಸ್ವಲ್ಪ ಮಂಕಾಗಿದ್ದರೆ ನೋಡುಗರು ಸಹಿಸಿಕೊಳ್ಳುತ್ತಾರೆ, ಮಾತು ಕೇಳಿಸದಿದ್ದರೆ ಹತ್ತು ಸೆಕೆಂಡಿನಲ್ಲಿ ಎದ್ದು ಹೋಗುತ್ತಾರೆ. ಕ್ಲೋಡ್ ಶಾನನ್ 1948ರಲ್ಲಿ ಬರೆದ ಸಂವಹನ ಮಾದರಿಯಲ್ಲಿ ‘ನಾಯ್ಸ್’ (ಸಂದೇಶವನ್ನು ಕೆಡಿಸುವ ಗದ್ದಲ) ಎಂಬ ಪೆಟ್ಟಿಗೆ ಇದೆಯಲ್ಲ, ಅದನ್ನು ಬರೆಯದ ವಿದ್ಯಾರ್ಥಿ ಇಲ್ಲ. ಅದೇ ವಿದ್ಯಾರ್ಥಿ ತಿರುಗುತ್ತಿರುವ ಫ್ಯಾನಿನ ಕೆಳಗೆ ಸಂದರ್ಶನ ಮಾಡಿಕೊಂಡು ಬರುತ್ತಾರೆ!

ಕಾಲರ್ ಮೈಕನ್ನು ಗಲ್ಲದಿಂದ ಸುಮಾರು 15ರಿಂದ 20 ಸೆಂಟಿಮೀಟರ್ ಕೆಳಗೆ, ದುಪಟ್ಟಾ ಸರ ಯಾವುದೂ ತಾಗದ ಕಡೆ ಸಿಕ್ಕಿಸಿ. ಕ್ಯಾಮೆರಾ ಮೇಲಿನ ಮೈಕನ್ನೇ ನಂಬಿದರೆ ಏನಾಗುತ್ತದೆ? ದೂರ ಎರಡು ಪಟ್ಟಾದಾಗಲೆಲ್ಲ ಮಾತಿನ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಕೋಣೆಯ ಗದ್ದಲ ಮಾತ್ರ ಇದ್ದಲ್ಲೇ ಇರುತ್ತದೆ. ಎಡಿಟಿಂಗಿನಲ್ಲಿ ದನಿ ಏರಿಸಿದರೆ ಗದ್ದಲವೂ ಜೊತೆಗೇ ಏರುತ್ತದೆ. ಆಟೊ ಗೇನ್ (ದನಿಯ ಮಟ್ಟವನ್ನು ಯಂತ್ರವೇ ಹೊಂದಿಸುವ ಸೌಲಭ್ಯ) ಆಫ್ ಮಾಡಿ. ಇಲ್ಲವಾದರೆ ಎದುರಿಗಿರುವವರು ಯೋಚಿಸಲು ಎರಡು ಕ್ಷಣ ಸುಮ್ಮನಾದಾಗ ಯಂತ್ರ ತಾನೇ ಮಟ್ಟ ಏರಿಸಿ ಫ್ಯಾನಿನ ಸದ್ದನ್ನು ಉಬ್ಬಿಸುತ್ತದೆ, ಅವರು ಬಾಯಿ ತೆರೆದ ಕೂಡಲೇ ಮತ್ತೆ ಕುಗ್ಗಿಸುತ್ತದೆ. ರೆಕಾರ್ಡಿಂಗ್ ಮೀಟರಿನಲ್ಲಿ ಸೊನ್ನೆಯೇ ಗರಿಷ್ಠ ಮಿತಿ. ಮಾತಿನ ಏರು ದನಿ ಅದರಲ್ಲಿ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರಲಿ, ಮೈನಸ್ 6 ದಾಟದಿರಲಿ. ಸೊನ್ನೆಗೆ ತಾಗಿ ಒಡೆದ ದನಿಯನ್ನು ಮೊದಲಿನಂತೆ ಮಾಡುವುದು ಆಗದ ಕೆಲಸ. ಹೆಡ್‌ಫೋನ್ ಕಿವಿಯಲ್ಲೇ ಇರಬೇಕು, ಮೀಟರ್ ಕುಣಿಯುತ್ತಿದೆ ಎಂದರೆ ಮಾತು ಬರುತ್ತಿದೆ ಎಂದಲ್ಲ, ಸಡಿಲ ವೈರಿನ ಗರಗರ ಸದ್ದಿಗೂ ಅದು ಕುಣಿಯುತ್ತದೆ. ಹೊರಡುವ ಮುಂಚೆ ಎಲ್ಲರನ್ನೂ ಸುಮ್ಮನಿರಿಸಿ 30 ಸೆಕೆಂಡ್ ಖಾಲಿ ಕೋಣೆಯ ಸದ್ದು ರೆಕಾರ್ಡ್ ಮಾಡಿಕೊಳ್ಳಿ. ಎರಡು ಬೈಟ್ (ಸಂದರ್ಶನದ ಮಾತಿನ ತುಣುಕು) ಜೋಡಿಸುವಾಗ ನಡುವಿನ ಹಳ್ಳ ತುಂಬುವುದು ಅದೇ.

ಅದೇ ಶಾನನ್ ಹೇಳಿದ ಇನ್ನೊಂದು ವಿಷಯ ‘ರಿಡಂಡೆನ್ಸಿ’, ಅಂದರೆ ಗದ್ದಲದಲ್ಲೂ ಸಂದೇಶ ಉಳಿಯುವಂತೆ ಮಾಡುವ ಪುನರಾವರ್ತನೆ. ರೇಡಿಯೊ ಸ್ಕ್ರಿಪ್ಟಿನಲ್ಲಿ ‘ಅವರು’ ಎಂದು ಬರೆಯುವ ಕಡೆ ಹೆಸರನ್ನೇ ಮತ್ತೆ ಹೇಳುವುದು, ಫೋನ್ ನಂಬರನ್ನು ಎರಡು ಸಲ ಓದುವುದು ಇದೇ ತತ್ವದ ಮೇಲೆ. ಕೇಳುಗರು ಹಿಂದಕ್ಕೆ ಹೋಗಿ ಓದಲಾರರು.

ಬರವಣಿಗೆಯ ಬಗ್ಗೆ ಒಂದೇ ಉದಾಹರಣೆ. ‘ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಸಭೆ ಸೋಮವಾರ ನಡೆದು ಹಲವು ವಿಷಯಗಳ ಬಗ್ಗೆ ಸುದೀರ್ಘವಾಗಿ ಚರ್ಚಿಸಲಾಯಿತು’ ಎಂದು ಶುರುವಾದ ವರದಿಯ ಆರನೇ ಪ್ಯಾರಾದಲ್ಲಿ, ಗ್ರಂಥಾಲಯವನ್ನು ರಾತ್ರಿ 10ರ ಬದಲು 7ಕ್ಕೇ ಮುಚ್ಚುವ ತೀರ್ಮಾನ ಅಡಗಿ ಕೂತಿರುತ್ತದೆ. ಸುದ್ದಿ ಅದು. ‘ಗ್ರಂಥಾಲಯ ಇನ್ನು ಸಂಜೆ 7ಕ್ಕೇ ಬಂದ್’ ಎಂಬುದು ಮೊದಲ ಸಾಲಿಗೆ ಬರಬೇಕು. ಮುಖ್ಯವಾದದ್ದು ಮೊದಲು, ಉಳಿದದ್ದು ಆಮೇಲೆ ಎನ್ನುವ ತಲೆಕೆಳಗಾದ ಪಿರಮಿಡ್ ಚಿತ್ರ ಬರೆಯುವುದು ಎಲ್ಲರಿಗೂ ಗೊತ್ತು. ಆ ಆರನೇ ಪ್ಯಾರಾವನ್ನು ಮೇಲಕ್ಕೆ ಎಳೆಯಲು ಮಾತ್ರ ಕೈ ಬರುವುದಿಲ್ಲ, ಏಕೆಂದರೆ ಸಭೆ ನಡೆದ ಕ್ರಮದಲ್ಲೇ ನೋಟ್ಸ್ ಇರುತ್ತದೆ, ವರದಿಯೂ ಅದೇ ಕ್ರಮ ಹಿಡಿಯುತ್ತದೆ. ನೋಟ್ ಪುಸ್ತಕ ಮುಚ್ಚಿಟ್ಟು, ಹೊರಗೆ ನಿಂತವರೊಬ್ಬರಿಗೆ ಒಂದೇ ವಾಕ್ಯದಲ್ಲಿ ಹೇಳಿ. ಬಾಯಿಂದ ಮೊದಲು ಬಂದದ್ದೇ ನಿಮ್ಮ ಲೀಡ್, ಅಂದರೆ ವರದಿಯ ಮೊದಲ ಸಾಲು.

ಅಂಕಿ ಅಂಶಗಳಿಗೆ ಹೆದರುವವರೇ ಈ ಕೋರ್ಸಿಗೆ ಹೆಚ್ಚು ಬರುತ್ತಾರೆ, ಆದರೆ ಇಷ್ಟಾದರೂ ಬರಲೇಬೇಕು. ಶೇ 4 ಇದ್ದದ್ದು ಶೇ 6 ಆದರೆ ಏರಿದ್ದು ಶೇ 2 ಅಲ್ಲ. 2 ಶೇಕಡಾ ಅಂಶ ಏರಿದೆ, ಅಂದರೆ ಮೊದಲಿನದಕ್ಕಿಂತ ಶೇ 50 ಹೆಚ್ಚಾಗಿದೆ. ಯಾದೃಚ್ಛಿಕವಾಗಿ ಆರಿಸಿದ 1,000 ಜನರ ಸಮೀಕ್ಷೆಯಲ್ಲಿ ಸುಮಾರು 3 ಶೇಕಡಾ ಅಂಶ ಆಚೀಚೆ ಆಗುವುದು ಸಹಜ, ಹಾಗಾಗಿ ಇಬ್ಬರ ನಡುವೆ ಎರಡು ಅಂಶದ ಅಂತರ ಕಂಡರೆ ‘ಮುನ್ನಡೆ’ ಎಂದು ಶೀರ್ಷಿಕೆ ಕೊಡಬಾರದು. ಫೋಟೊ ಪರಿಶೀಲನೆಯದೂ ಒಂದು ಮಾತು: ರಿವರ್ಸ್ ಸರ್ಚಿನಲ್ಲಿ (ಫೋಟೊವನ್ನೇ ಕೊಟ್ಟು ಅದು ಅಂತರ್ಜಾಲದಲ್ಲಿ ಬೇರೆಲ್ಲಿದೆ ಎಂದು ಹುಡುಕುವುದು) ಹಳೆಯ ಪ್ರತಿ ಸಿಕ್ಕಿದರೆ ಫೋಟೊ ಹಳೆಯದು ಎಂದು ಖಚಿತ. ಸಿಗದಿದ್ದರೆ ಹೊಸದು ಎಂದು ಖಚಿತವಲ್ಲ. ಮೆಸೇಜ್ ಆ್ಯಪ್‌ನಲ್ಲಿ ಫೋಟೊ ಆಗಿ ಬಂದದ್ದರಲ್ಲಿ ಸಾಮಾನ್ಯವಾಗಿ ತೆಗೆದ ಸಮಯ, ಜಾಗದ ವಿವರ ಅಳಿಸಿಹೋಗಿರುತ್ತದೆ. ತೆಗೆದವರನ್ನೇ ಹುಡುಕಿ ಮೂಲ ಫೈಲ್ ಕೇಳಿ.

ಕಡೆಯದಾಗಿ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ‘ಗೇಟ್‌ಕೀಪಿಂಗ್ ಸಿದ್ಧಾಂತವನ್ನು ವಿವರಿಸಿ’ ಎಂಬ ಪ್ರಶ್ನೆಯನ್ನು ಒಂದು ಸೆಮಿಸ್ಟರ್ ಮಟ್ಟಿಗಾದರೂ ಕೈಬಿಡಿ. ಅದರ ಬದಲು ಹತ್ತು ಸುದ್ದಿಗಳ ಸಾರಾಂಶವನ್ನು ಪ್ರಶ್ನೆಪತ್ರಿಕೆಯಲ್ಲೇ ಅಚ್ಚು ಹಾಕಿಸಿ, ಎರಡಕ್ಕೆ ಮಾತ್ರ ಜಾಗ ಕೊಡಿ, ಬಿಟ್ಟ ಎಂಟಕ್ಕೆ ಕಾರಣ ಕೇಳಿ. ಯಾವ ಎರಡನ್ನು ಆರಿಸಿದರು ಎಂಬುದಕ್ಕೆ ಅಂಕ ಬೇಡ. ಎಂಟು ಕಾರಣಗಳಿಗೆ ಒಂದೊಂದು ಅಂಕ, ಆ ಎಂಟರಲ್ಲಿ ತಮ್ಮ ಸ್ವಂತ ಇಷ್ಟಾನಿಷ್ಟ ನುಸುಳಿದ್ದು ಯಾವುದು ಎಂದು ತಾವೇ ಗುರುತಿಸಿ ಬರೆದವರಿಗೆ ಇನ್ನೆರಡು.