ಮುಳುಗಿದ ಹುಡುಗನ ಪಾಲುಪಟ್ಟಿ

ಹಾಲಿವುಡ್ಡಿನ ಭಯಾನಕ ಚಿತ್ರಗಳ ಮುಖವಾಡಧಾರಿ ಕೊಲೆಗಾರ ಜೇಸನ್ ವೂರ್ಹೀಸನ ಕುಟುಂಬದ ಪೂರ್ವಕಥೆಯನ್ನು ಟಿವಿ ಸರಣಿಯಾಗಿ ತೋರಿಸುವುದಾಗಿ 2022ರಲ್ಲಿ ಘೋಷಣೆಯಾದ ಮೇಲೆ, 1980ರ ‘ಫ್ರೈಡೇ ದ ಥರ್ಟೀನ್ತ್’ ಚಿತ್ರವನ್ನು ಮತ್ತೊಮ್ಮೆ ನೋಡುವುದು ಸಿನಿಮಾ ಭಕ್ತರ ಕರ್ತವ್ಯವಾಗಿಬಿಟ್ಟಿದೆ. ನೋಡಿದವರಿಗೆ ಗೊತ್ತು, ಮುಖವಾಡದ ಜೇಸನ್ ಅದರಲ್ಲಿ ಇಲ್ಲವೇ ಇಲ್ಲ. ಕೊಲೆಗಳನ್ನೆಲ್ಲ ಮಾಡುವವಳು ಅವನ ತಾಯಿ ಪಮೇಲಾ. ಜಗತ್ಪ್ರಸಿದ್ಧವಾದ ಆ ಹಾಕಿ ಮುಖವಾಡ ಬರುವುದು 1982ರ ಮೂರನೆಯ ಭಾಗದಲ್ಲಿ. ರಾತ್ರಿಯಿಡೀ ಮಳೆಯಲ್ಲಿ ತಾಯಿ ಒಬ್ಬಳೇ ದುಡಿದರೂ ಹೆಸರು ಮಾತ್ರ ಮಗನಿಗೇ ಹೋಗಿದೆ ಎಂದಮೇಲೆ, ಈ ಚಿತ್ರಕ್ಕೆ ಕೌಟುಂಬಿಕ ಮೌಲ್ಯಗಳಿಲ್ಲವೆಂದು ದೂರುವವರು ಅದನ್ನು ಸರಿಯಾಗಿ ನೋಡಿಲ್ಲವೆಂದೇ ಹೇಳಬೇಕು.

ಕಥೆ ನಡೆಯುವ ಕೆರೆದಂಡೆಯ ಬೇಸಿಗೆ ಶಿಬಿರದ ಆಡಳಿತವಂತೂ ಮಾದರಿಯೇ ಸರಿ. 1957ರಲ್ಲಿ ಹುಡುಗ ಜೇಸನ್ ಕೆರೆಯಲ್ಲಿ ಮುಳುಗಿದ, ಮರುವರ್ಷ ಇಬ್ಬರ ಕೊಲೆಯಾಯಿತು; ಆದರೂ ಮಾಲೀಕನ ಮಗ ಬಣ್ಣ ಬಳಿಸಿ ಶಿಬಿರವನ್ನು ಮತ್ತೆ ತೆರೆಯುತ್ತಾನೆ. ಕೊಲೆಗಾರ್ತಿಗೆ ತೊಂದರೆಯಾಗಬಾರದೆಂಬಂತೆ ಬಿಲ್ಲುಬಾಣಗಳೂ ಕೊಡಲಿಯೂ ಅಲ್ಲೇ ಸಿದ್ಧವಾಗಿರುತ್ತವೆ. ಮಂಚದ ಮೇಲೆ ಹೊಗೆ ಸೇದುತ್ತಾ ಮಲಗಿದ ನಟ ಕೆವಿನ್ ಬೇಕನ್‌ನ ಕತ್ತಿಗೆ ಕೆಳಗಿನಿಂದ ಬಾಣ ತೂರಿಬರುವುದನ್ನು ಕಂಡ ಮೇಲೆ, ಧೂಮಪಾನದ ವಿರುದ್ಧ ಬೇರೆ ಎಚ್ಚರಿಕೆ ಬೇಕಾಗುವುದಿಲ್ಲ. ಸುಮಾರು 5.5 ಲಕ್ಷ ಡಾಲರ್ ಹಾಕಿ ತೆಗೆದ ಈ ನೀತಿಪಾಠ ಅಮೆರಿಕದಲ್ಲೇ 4 ಕೋಟಿ ಡಾಲರಿನ ಹತ್ತಿರ ತಂದಿತು.

ಮುಂದಿನ ಭಾಗಗಳಲ್ಲಿ ತಾನೇ ಕೊಲೆಗಾರನಾಗಿ ಹಣ ತಂದ ಜೇಸನನನ್ನು ಸಾಯಲು ಬಿಡುವವರು ಯಾರು? 1984ರಲ್ಲಿ ‘ಅಂತಿಮ ಅಧ್ಯಾಯ’ ಬಂತು, ಮರುವರ್ಷವೇ ‘ಹೊಸ ಆರಂಭ’ವೂ ಬಂತು. 1986ರಲ್ಲಿ ಹೆಣಕ್ಕೆ ಸಿಡಿಲು ಬಡಿದು ಜೀವ ಬಂತು. 1989ರಲ್ಲಿ ಮ್ಯಾನ್‌ಹಟನ್‌ಗೆಂದು ಹೊರಟವನು ಚಿತ್ರದ ಬಹುಭಾಗವನ್ನು ಹಡಗಿನಲ್ಲೇ ಕಳೆದ. 1993ರಲ್ಲಿ ಹೆಸರಿನಲ್ಲೇ ‘ಕೊನೆಯ ಶುಕ್ರವಾರ’ ಎಂದು ಬರೆದು ನರಕಕ್ಕೆ ಕಳಿಸಿದರೆ, ಅಲ್ಲಿಂದ ಅಂತರಿಕ್ಷಕ್ಕೇ ಹೋದ.

ಇಷ್ಟು ಹೊತ್ತು ನಗಬಹುದು. ನಗು ನಿಲ್ಲುವುದು ಬೆಟ್ಸಿ ಪಾಮರ್ ವಿಷಯದಲ್ಲಿ. ಕಾರು ಕೊಳ್ಳಲು ಹಣ ಬೇಕಿದ್ದುದರಿಂದ ಪಮೇಲಾಳ ಪಾತ್ರ ಒಪ್ಪಿಕೊಂಡೆನೆಂದು ಮುಚ್ಚುಮರೆಯಿಲ್ಲದೆ ಹೇಳಿದ ನಟಿ ಆಕೆ. ಷಿಕಾಗೋದ ವಿಮರ್ಶಕ ಜೀನ್ ಸಿಸ್ಕೆಲ್ ಚಿತ್ರದ ಗುಟ್ಟನ್ನು ಬೇಕೆಂದೇ ಬಿಟ್ಟುಕೊಟ್ಟು, ಚಿತ್ರವನ್ನು ಬಿಡುಗಡೆ ಮಾಡಿದ ಪ್ಯಾರಾಮೌಂಟ್ ಸಂಸ್ಥೆಯ ಒಡೆತನ ಹೊಂದಿದ್ದ ಕಂಪನಿಯ ಅಧ್ಯಕ್ಷನ ವಿಳಾಸದ ಜೊತೆಗೆ ಈಕೆಯ ಊರನ್ನೂ ಅಚ್ಚುಹಾಕಿ, ಇಬ್ಬರಿಗೂ ಛೀಮಾರಿ ಪತ್ರ ಬರೆಯಿರಿ ಎಂದು ಓದುಗರನ್ನು ಹುರಿದುಂಬಿಸಿದರು. ಹೆಣ್ಣುಮಕ್ಕಳನ್ನು ಅಟ್ಟಿಸಿಕೊಂಡು ಹೋಗುವ ಚಿತ್ರ ಅಸಹ್ಯವೆಂದು ಕೋಪಗೊಂಡವರಿಗೆ, ಕೂಲಿಗೆ ನಟಿಸಿದ ಹೆಣ್ಣೊಬ್ಬಳ ಊರು ತೋರಿಸಿ ಜನರನ್ನು ಛೂ ಬಿಡುವುದು ಅಸಹ್ಯವೆನಿಸಲಿಲ್ಲ. ಇದಕ್ಕೆ ವಿಡಂಬನೆ ಬರೆಯುವ ಉತ್ಸಾಹ ನನಗಿಲ್ಲ.

ನ್ಯಾಯಾಲಯದ ಭಾಗಕ್ಕೆ ಬರೋಣ, ಅಲ್ಲಿ ರಕ್ತವಿಲ್ಲ. 1979ರಲ್ಲಿ ಚಿತ್ರಕಥೆ ಮುಗಿಯುವ ಮೊದಲೇ ನಿರ್ದೇಶಕ ಷಾನ್ ಕನ್ನಿಂಗ್‌ಹ್ಯಾಮ್ ಸಿನಿಮಾ ಉದ್ಯಮದ ಪತ್ರಿಕೆ ‘ವೆರೈಟಿ’ಯಲ್ಲಿ ಇಡೀ ಪುಟದ ಜಾಹೀರಾತು ಕೊಟ್ಟಿದ್ದರು, ಈ ಹೆಸರಿನ ಮೇಲೆ ಯಾರಾದರೂ ದಾವೆ ಹೂಡಿಯಾರೇ ಎಂದು ತಿಳಿಯುವುದೂ ಅದರ ಉದ್ದೇಶವಾಗಿತ್ತು. ಆಗ ಯಾರೂ ಹೂಡಲಿಲ್ಲ. ಜಗಳ ಬಂದದ್ದು ಮನೆಯೊಳಗಿನಿಂದ. ಹಕ್ಕು ಮಾರಿದ 35 ವರ್ಷಗಳ ನಂತರ ಲೇಖಕ ಅದನ್ನು ಹಿಂಪಡೆಯಬಹುದೆಂಬ ಅಮೆರಿಕದ ಕಾನೂನನ್ನು ಹಿಡಿದು ಚಿತ್ರಕಥೆಗಾರ ವಿಕ್ಟರ್ ಮಿಲ್ಲರ್ 2016ರಲ್ಲಿ ನೋಟಿಸು ಕಳಿಸಿದರು. ಅವರು ನಮ್ಮ ನೌಕರರಾಗಿದ್ದರು, ಆದ್ದರಿಂದ ಹಕ್ಕೇ ಇಲ್ಲವೆಂದು ನಿರ್ಮಾಪಕರು ವಾದಿಸಿದರು. 2018ರಲ್ಲಿ ಒಮ್ಮೆ, 2021ರ ಮೇಲ್ಮನವಿಯಲ್ಲಿ ಇನ್ನೊಮ್ಮೆ ಮಿಲ್ಲರ್ ಗೆದ್ದರು.

ಗೆದ್ದದ್ದಾದರೂ ಏನನ್ನು? ಮೊದಲ ಚಿತ್ರದ ಕಥೆಯನ್ನು, ಅದೂ ಅಮೆರಿಕದ ಗಡಿಯೊಳಗೆ. ಅಂದರೆ ಕೆರೆಯಲ್ಲಿ ಮುಳುಗಿದ ಹುಡುಗ ಲೇಖಕರ ಪಾಲಿಗೆ ಬಂದ. ಮುಖವಾಡ ತೊಟ್ಟ ಬೆಳೆದ ಜೇಸನ್ ಯಾರವನೆಂಬುದನ್ನು ನ್ಯಾಯಾಲಯ ತೀರ್ಮಾನಿಸಲೇ ಇಲ್ಲ. ಸತ್ತವನ ಆಸ್ತಿಗಾಗಿ ದಾಯಾದಿಗಳು ಕಚ್ಚಾಡುವುದನ್ನು ನಾವು ಕಂಡಿದ್ದೇವೆ, ಇಲ್ಲಿ ಸತ್ತವನನ್ನೇ ವಯಸ್ಸಿನ ಪ್ರಕಾರ ಪಾಲು ಮಾಡಿಕೊಂಡಿದ್ದಾರೆ. 2009ರ ಮರುನಿರ್ಮಾಣದ ನಂತರ ಪೂರ್ಣ ಪ್ರಮಾಣದ ಹೊಸ ಚಿತ್ರ ತೆರೆ ಕಂಡಿಲ್ಲ. ಮಚ್ಚು, ಕೊಡಲಿ, ನರಕ, ಅಂತರಿಕ್ಷ ಯಾವುದಕ್ಕೂ ಜಗ್ಗದವನನ್ನು ಲೇಖಕ ನೌಕರನೋ ಗುತ್ತಿಗೆದಾರನೋ ಎಂಬ ಒಂದೇ ಪ್ರಶ್ನೆ ಇಷ್ಟು ವರ್ಷ ಮಲಗಿಸಿದೆ.