ಅಧಿಕ ಮಾಸದಲ್ಲಿ ಫುಟ್ಬಾಲ್

ಮೈಸೂರಿನಿಂದ ನಮ್ಮ ಮಾವನವರು ವರ್ಷಕ್ಕೊಮ್ಮೆ ಅಂಚೆಯಲ್ಲಿ ಕಳುಹಿಸುವ ಕನ್ನಡ ಕ್ಯಾಲೆಂಡರಿಗೆ ನಮ್ಮ ಮನೆಯಲ್ಲಿ ಅಡುಗೆಮನೆಯ ಬಾಗಿಲ ಪಕ್ಕದ ಮೊಳೆ ಮೀಸಲು. 2020ರ ಬೇಸಿಗೆಯಲ್ಲಿ ಮಾತ್ರ ಮಕ್ಕಳ ಆನ್‌ಲೈನ್ ಪಾಠ, ಹೆಂಡತಿಯ ಕಚೇರಿ ಎರಡೂ ಮನೆಯೊಳಗೆ ನೆಲೆಯೂರಿದ್ದರಿಂದ ನಾನು ನನ್ನ ಲ್ಯಾಪ್‌ಟಾಪಿನೊಂದಿಗೆ ಗರಾಜಿಗೆ ಗಡಿಪಾರಾದೆ, ಹೋಗುವಾಗ ಗೋಡೆ ಬೋಳಾಗಿರಬಾರದೆಂದು ಕ್ಯಾಲೆಂಡರನ್ನೂ ಜೊತೆಗೆ ಒಯ್ದೆ. ಮುಂದಿನ ಆರು ತಿಂಗಳ ಅವಾಂತರಕ್ಕೆಲ್ಲ ಅದೇ ಮೂಲ.

ನಾವಿರುವುದು ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್ಸಿನಲ್ಲಿ. ಇಲ್ಲಿ ಫುಟ್ಬಾಲ್ ಎಂದರೆ ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ. ಇಲ್ಲಿನ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಫುಟ್ಬಾಲ್ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ಆಟವಿರುವ ಶನಿವಾರ ಈ ಊರಿನಲ್ಲಿ ಮದುವೆಯಿಟ್ಟುಕೊಳ್ಳುವವರು ನೆಂಟರ ಮೇಲೆ ಹಗೆಯುಳ್ಳವರು ಮಾತ್ರ. ನಮ್ಮ ಪಕ್ಕದ ಮನೆಯ ಹಿರಿಯರು ಈ ಪಂಥದ ಕಟ್ಟಾ ಅನುಯಾಯಿ. ಎದುರು ಮನೆಯಾಕೆಯೋ ಎದುರಾಳಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿದವರು, ಅಂದರೆ ಹಾವು ಮುಂಗುಸಿಯ ಪೈಕಿ ಇನ್ನೊಂದು ಪಕ್ಷ. ಕೊರೋನಾ ಕಾಲದಲ್ಲಿ ಬೇರೆಲ್ಲೂ ಹೋಗಲಾಗದೆ ಇಬ್ಬರೂ ಸಂಜೆ ತಮ್ಮ ತಮ್ಮ ಮಡಚುವ ಕುರ್ಚಿಗಳನ್ನು ಹೊತ್ತು ತಂದು, ತೆರೆದ ಗರಾಜಿನ ಮುಂದೆ ಆರಾರು ಅಡಿ ಅಂತರದಲ್ಲಿ ಹಾಕಿಕೊಂಡು ಕೂರುತ್ತಿದ್ದರು. ಆಟಗಳೇ ಇಲ್ಲದ್ದರಿಂದ ಚರ್ಚೆಯೆಲ್ಲ ವೇಳಾಪಟ್ಟಿಯದು. ಗೋಡೆಯ ಮೇಲೆ ಕ್ಯಾಲೆಂಡರ್ ಇದ್ದವನು ನಾನೊಬ್ಬನೇ ಆದ್ದರಿಂದ ಕಾರ್ಯದರ್ಶಿಯ ಪಟ್ಟ ಕೇಳದೆಯೇ ನನಗೆ ಬಂತು.

ನಮ್ಮ ತಂಡವಿರುವ ವಿಶ್ವವಿದ್ಯಾಲಯಗಳ ಒಕ್ಕೂಟದ ಹೆಸರು ಬಿಗ್ ಟೆನ್, ಅದರ ಸದಸ್ಯರು ಆಗ 14. ಎಣಿಕೆಯ ವಿಷಯದಲ್ಲಿ ಇವರನ್ನು ನೆಚ್ಚಿಕೊಳ್ಳಬಾರದೆಂದು ನನಗೆ ಅಲ್ಲಿಯೇ ಹೊಳೆಯಬೇಕಿತ್ತು. ಜುಲೈ 9ರಂದು ಅವರು ಈ ವರ್ಷ ನಮ್ಮನಮ್ಮಲ್ಲೇ ಆಡುತ್ತೇವೆ, ಹೊರಗಿನವರೊಂದಿಗೆ ಇಲ್ಲ ಎಂದರು. ಆಗಸ್ಟ್ 5ರಂದು ಹತ್ತು ಆಟಗಳ ಹೊಸ ಪಟ್ಟಿ ಬಂತು. ಪ್ರತಿವರ್ಷ ನವೆಂಬರಿನ ಕೊನೆಗೆ ಬರುವ ಮಿಷಿಗನ್ ಪಂದ್ಯವನ್ನು ಅದರಲ್ಲಿ ಅಕ್ಟೋಬರ್ 24ಕ್ಕೆ ತಂದಿಟ್ಟಿದ್ದರು. ಯುಗಾದಿಯನ್ನು ಕಾರ್ತಿಕಕ್ಕೆ ತಂದರೆ ನಮಗೆ ಎಷ್ಟು ಕಸಿವಿಸಿಯೋ ಹಿರಿಯರಿಗೆ ಅಷ್ಟೇ ಆಯಿತು. ಆದರೂ ಪಟ್ಟಿ ಪಟ್ಟಿಯೇ ಎಂದು ಅವರು ಹೇಳುತ್ತಾ ಹೋದಂತೆ ನಾನು ಅಳಿಸಲಾಗದ ಕೆಂಪು ಮಾರ್ಕರಿನಲ್ಲಿ ಹತ್ತನ್ನೂ ಕ್ಯಾಲೆಂಡರಿನಲ್ಲಿ ದಪ್ಪಗೆ ಬರೆದೆ. ಸರಿಯಾಗಿ ಆರು ದಿನ ಬಾಳಿತು. ಆಗಸ್ಟ್ 11ರಂದು ಶರತ್ಕಾಲದ ಆಟಗಳನ್ನೆಲ್ಲ ಮುಂದೂಡಿರುವುದಾಗಿ ಒಕ್ಕೂಟ ಪ್ರಕಟಿಸಿತು.

ಮುಂದಿನ ಐದು ವಾರ ನಮ್ಮ ಗರಾಜಿನಲ್ಲಿ ಸೂತಕದ ವಾತಾವರಣ. ನಮ್ಮ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ದಾಳಿಯನ್ನು ಮುನ್ನಡೆಸುವ ಆಟಗಾರ, ಜಸ್ಟಿನ್ ಫೀಲ್ಡ್ಸ್ ಆಟ ನಡೆಸಿರೆಂದು ಆರಂಭಿಸಿದ ಮನವಿಗೆ ಲಕ್ಷಗಟ್ಟಲೆ ಸಹಿ ಬಿದ್ದವು. ಅವುಗಳಲ್ಲಿ ಎರಡು ನಮ್ಮ ಹಿರಿಯರದೇ ಇರಬೇಕೆಂದು ನನ್ನ ಗುಮಾನಿ. ದಕ್ಷಿಣದ ಒಕ್ಕೂಟದವರು ಸೆಪ್ಟೆಂಬರ್ 26ಕ್ಕೆ ಶುರು ಮಾಡಲಿದ್ದಾರೆಂಬ ಸಂಗತಿ ಅವರಿಗೆ ನೆರೆಮನೆಯ ಒಗ್ಗರಣೆಯ ಘಮದಂತೆ ಕಾಡುತ್ತಿತ್ತು. ನಾನು ಐಪಿಎಲ್ ಮಾರ್ಚಿನಿಂದ ಮುಂದೆ ಹೋಗಿ ಸೆಪ್ಟೆಂಬರಿಗೆ, ಅದೂ ಅರಬರ ನಾಡಿಗೆ ತಲುಪಿದ ಕತೆ ಹೇಳಿ ಸಮಾಧಾನಿಸಲು ನೋಡಿದೆ. ಅವರಿಗೆ ಕ್ರಿಕೆಟ್ ಎಂದರೆ ಇಂಗ್ಲಿಷಿನಲ್ಲಿ ಆ ಹೆಸರಿರುವ ಜೀರುಂಡೆ ಎಂದಷ್ಟೇ ಗೊತ್ತು.

ಸೆಪ್ಟೆಂಬರ್ 16ರಂದು ಒಕ್ಕೂಟ ಮನಸ್ಸು ಬದಲಿಸಿತು. ಅಕ್ಟೋಬರ್ 23 ಮತ್ತು 24ರ ವಾರಾಂತ್ಯದಿಂದ ಆರಂಭ, ಎಂಟು ವಾರದಲ್ಲಿ ಎಂಟು ಆಟ, ಆಟಗಾರರಿಗೆ ದಿನವೂ ಪರೀಕ್ಷೆ, ಸೋಂಕು ತಗುಲಿದವರಿಗೆ ಕನಿಷ್ಠ 21 ದಿನ ವಿಶ್ರಾಂತಿ, ನಡುವೆ ಬಿಡುವಿನ ವಾರವೇ ಇಲ್ಲ. ಹಿರಿಯರು ಓಡೋಡಿ ಬಂದು, "ಐದು ವಾರ ಯಾಕೆ ಕಾಯಬೇಕು? ನಾಳೆಯೇ ಆಡಬಾರದೆ?" ಎಂದು ಕೇಳಿದರು. ನಾನು ಕ್ಯಾಲೆಂಡರಿನ ಕಡೆ ಕೈ ತೋರಿಸಿ, ತಮಾಷೆಗೆಂದೇ, 17ಕ್ಕೆ ಮಹಾಲಯ ಅಮಾವಾಸ್ಯೆ, 18ರಿಂದ ಅಕ್ಟೋಬರ್ 16ರ ತನಕ ಅಧಿಕ ಮಾಸ, ಅದರಲ್ಲಿ ನಮ್ಮವರು ಯಾವ ಶುಭಕಾರ್ಯವನ್ನೂ ಆರಂಭಿಸುವುದಿಲ್ಲ, ಒಕ್ಕೂಟದವರು ಪಂಚಾಂಗ ನೋಡಿಯೇ ದಿನ ಇಟ್ಟಿದ್ದಾರೆ ಎಂದೆ. ಅವರು ನಗಲಿಲ್ಲ. ಕನ್ನಡಕ ಸರಿಮಾಡಿಕೊಂಡು ಕ್ಯಾಲೆಂಡರಿನ ಹತ್ತಿರ ಹೋಗಿ, "ಇದನ್ನು ಯಾವಾಗ ಅಚ್ಚು ಹಾಕಿದ್ದು?" ಎಂದರು. ಕಳೆದ ವರ್ಷ ಎಂದೆ. ಅಂದಿನಿಂದ ಅವರು ನನ್ನನ್ನು ನೋಡುವ ರೀತಿಯೇ ಬದಲಾಯಿತು.

ಹುಣ್ಣಿಮೆಯ ಬಿಳಿ ವೃತ್ತವೆಂದರೆ ನಮ್ಮೂರಿನ ಆಟ, ಅಮಾವಾಸ್ಯೆಯ ಕರಿ ವೃತ್ತವೆಂದರೆ ಪರವೂರಿನ ಆಟ ಎಂದು ಅವರು ತಾವಾಗಿಯೇ ತೀರ್ಮಾನಿಸಿಕೊಂಡರು. ತಿದ್ದಬೇಕಾದವನು ನಾನು ತಿದ್ದಲಿಲ್ಲ. ಯಾರಾದರೂ ನಮ್ಮನ್ನು ಜ್ಞಾನಿಯೆಂದು ನಂಬಿದಾಗ ಅಲ್ಲಗಳೆಯುವುದಕ್ಕೆ ದೊಡ್ಡ ಸಂಸ್ಕಾರ ಬೇಕಾಗುತ್ತದೆ. ಅಕ್ಟೋಬರ್ 24ರ ದುರ್ಗಾಷ್ಟಮಿಯಂದು ನೆಬ್ರಾಸ್ಕಾವನ್ನು 52–17ರಿಂದ ಮಣಿಸಿದ ಮೇಲಂತೂ ನನ್ನ ಪ್ರತಿಷ್ಠೆ ಇನ್ನಷ್ಟು ಏರಿತು. ಲಕ್ಷ ಜನರ ಕ್ರೀಡಾಂಗಣ ಅಂದು ಬಿಕೋ ಎನ್ನುತ್ತಿತ್ತು. ಅದೇ ದಿನ ಫೋನ್ ಮಾಡಿದ್ದ ಮಾವನವರು, ಜಂಬೂಸವಾರಿಯನ್ನು ಅರಮನೆಯ ಆವರಣದಲ್ಲೇ ಮುಗಿಸುತ್ತಾರಂತೆ, ಬನ್ನಿಮಂಟಪದವರೆಗೆ ಹೋಗದಿದ್ದರೆ ಅದೆಂತಹ ದಸರಾ ಎಂದು ಕೊರಗುತ್ತಿದ್ದರು. ಅವರ ಮಾತನ್ನು ಹಿರಿಯರಿಗೆ ಅನುವಾದಿಸಿದೆ. ಇಬ್ಬರೂ ಒಂದೇ ಧಾಟಿಯಲ್ಲಿ ನಿಟ್ಟುಸಿರು ಬಿಟ್ಟರು.

ನವೆಂಬರ್ 14ರ ಆಟ ಮೇರಿಲ್ಯಾಂಡಿನ ಮೇಲೆ, ಅದೂ ಮಧ್ಯಾಹ್ನದ ನಂತರ. ಅದೇ ದಿನ ದೀಪಾವಳಿ. ನನ್ನಾಕೆ ಪೂಜೆಯನ್ನು ಇಳಿಹೊತ್ತಿಗೆ ಇಟ್ಟುಕೊಂಡು, ಹಿತ್ತಲಿನಲ್ಲಿ ದೂರದೂರ ಕೂರಿಸಲು ಒಂದು ಸಂಸಾರವನ್ನು ಕರೆದಿದ್ದಳು. ನಾನು ಕ್ಯಾಲೆಂಡರ್ ಹಿಡಿದು ಬಂದು, ಶನಿವಾರ ಒಂದೂವರೆಗೆ ಯಮಗಂಡಕಾಲ ಹತ್ತುತ್ತದೆ, ಅದಕ್ಕೆ ಮುಂಚೆಯೇ ಪೂಜೆ, ಊಟ ಎಲ್ಲ ಮುಗಿಯುವುದು ಕ್ಷೇಮ ಎಂದೆ. ಹದಿನಾಲ್ಕು ವರ್ಷದ ದಾಂಪತ್ಯದಲ್ಲಿ ಒಮ್ಮೆಯೂ ಯಮಗಂಡಕಾಲದ ಹೆಸರೆತ್ತದವನ ಮುಖವನ್ನು ಅವಳು ಒಂದು ಗಳಿಗೆ ನೋಡಿ, "ಆಗಲಿ, ಹಾಗಾದರೆ ಬೆಳಿಗ್ಗೆ ಐದಕ್ಕೆ ಏಳಬೇಕಾಗುತ್ತೆ. ಹೂರಣ ರುಬ್ಬುವುದು ನೀವು" ಎಂದಳು. ಬುಧವಾರ ಸುದ್ದಿ ಬಂತು: ಮೇರಿಲ್ಯಾಂಡ್ ತಂಡದಲ್ಲಿ ಸೋಂಕು, ಪಂದ್ಯ ರದ್ದು. ಇನ್ನು ಬಾಯಿಬಿಡುವಂತಿಲ್ಲ. ಕೊರೆಯುವ ಚಳಿಯ ಮುಂಜಾವಿನಲ್ಲಿ ಎದ್ದು ಹೂರಣ ರುಬ್ಬಿದೆ, ಕಣಕ ನಾದಿದೆ, ಬಂದವರಿಗೆ ಬಡಿಸಿದೆ, ಪಾತ್ರೆಗಳನ್ನೂ ತೊಳೆದೆ. ಇಳಿಹೊತ್ತಿಗೆ ಸೋಫಾದ ಮೇಲೆ ಸುಮ್ಮನೆ ಕುಳಿತಿದ್ದಾಗ ಅವಳು ಬಂದು, "ಯಾಕ್ರೀ, ಟಿವಿ ಹಾಕಿಲ್ಲ?" ಎಂದು ವಿಚಾರಿಸಿದಳು. ಅವಳಿಗೆ ಬುಧವಾರವೇ ಗೊತ್ತಿತ್ತು.

ಇಲಿನಾಯ್ ಪಂದ್ಯವೂ ಹೋಯಿತು, ಈ ಬಾರಿ ಸೋಂಕು ನಮ್ಮವರಲ್ಲೇ. ಉಳಿದದ್ದು ಡಿಸೆಂಬರ್ 12ಕ್ಕೆ ಇಟ್ಟಿದ್ದ ಮಿಷಿಗನ್. ಆ ವಾರ ವಿಶ್ವವಿದ್ಯಾಲಯದ ಆವರಣದಲ್ಲಿ ಇಂಗ್ಲಿಷಿನ 'ಎಂ' ಅಕ್ಷರ ಎಲ್ಲೇ ಕಂಡರೂ ಕೆಂಪು ಟೇಪಿನಿಂದ ಕಾಟು ಹೊಡೆಯುವ ಸಂಪ್ರದಾಯವಿದೆ. ಹಿರಿಯರು ಟೇಪಿನ ಸುರುಳಿ ಹಿಡಿದು ಬಂದು, ನಿಮ್ಮ ಭಾಷೆಯಲ್ಲಿ ಆ ಅಕ್ಷರ ಯಾವುದು ಎಂದರು. ನಾನು ಬೆರಳಿಟ್ಟು ತೋರಿಸಿದೆ. ಅರ್ಧ ಗಂಟೆಯಲ್ಲಿ ನಮ್ಮ ಮನೆಯಲ್ಲಿ ಸೋಮವಾರ 'ಸೋವಾರ'ವಾಗಿ, ಮಂಗಳವಾರ 'ಗಳವಾರ'ವಾಗಿ, 14ರ ಅಮಾವಾಸ್ಯೆ 'ಅವಾಸ್ಯೆ'ಯಾಗಿ ನಿಂತವು. ಮಾರ್ಗಶಿರವೆಂಬ ಮಾಸವೇ ತಲೆ ಕಳೆದುಕೊಂಡಿತು. ಟೇಪು ಹಚ್ಚಿ ಮುಗಿಸಿ, "ಪಂದ್ಯ ನಡೆಯುತ್ತದಲ್ಲವೆ?" ಎಂದು ಕೇಳಿದರು. ನಾನು ಬೆರಳು ಮಡಚಿ ಎಣಿಸುವಂತೆ ನಟಿಸಿ, ಯಾವ ದೋಷವೂ ಇಲ್ಲ, ನಡೆದೇ ತೀರುತ್ತದೆ ಎಂದೆ.

8ನೇ ತಾರೀಖು, ಗಳವಾರ, ಮಿಷಿಗನ್ ತಂಡದಲ್ಲಿ ಸೋಂಕು ಹೆಚ್ಚಿ ಪಂದ್ಯ ರದ್ದಾಯಿತು. 1918ರಿಂದ ಒಂದು ವರ್ಷವೂ ತಪ್ಪದೆ ನಡೆದುಬಂದಿದ್ದ ಪಂದ್ಯ, ನಾನು ಅಭಯ ಕೊಟ್ಟ ವರ್ಷವೇ ತಪ್ಪಿತು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಒಕ್ಕೂಟದ ಅಂತಿಮ ಪಂದ್ಯಕ್ಕೆ ಅರ್ಹರಾಗಲು ಆರು ಆಟ ಆಡಿರಬೇಕೆಂಬ ನಿಯಮವಿತ್ತು, ನಮ್ಮದು ಐದೇ. ಮರುದಿನ ಒಕ್ಕೂಟ ಆ ನಿಯಮವನ್ನೇ ತೆಗೆದುಹಾಕಿತು, ಇಂಡಿಯಾನಾ ತಂಡದವರ ಬಾಯಿಗೆ ಬಂದ ತುತ್ತು ಹೋಯಿತು. ಎದುರು ಮನೆಯಾಕೆ ಅಂದು ಸಂಜೆ ಕುರ್ಚಿಯನ್ನು ಆರು ಅಡಿಗೆ ಬದಲಾಗಿ ಹನ್ನೆರಡು ಅಡಿ ದೂರ ಹಾಕಿಕೊಂಡು, "ನಮಗೆ ಪಂದ್ಯ ರದ್ದು, ನಿಮಗೆ ನಿಯಮವೇ ರದ್ದು" ಎಂದರು. ಹಿರಿಯರು ಉತ್ತರಿಸದೆ ಎದ್ದು ಟೇಪು ಕೀಳತೊಡಗಿದರು. ಅದರ ಜೊತೆಗೆ ಕಾಗದವೂ ಕಿತ್ತುಬಂದು, ನನ್ನಾಕೆ ನೋಡಬೇಕಾಗಿದ್ದ ಏಕಾದಶಿಯೂ ಅಮಾವಾಸ್ಯೆಯೂ ಅವರ ಅಂಗೈಗೆ ಅಂಟಿಕೊಂಡವು. ಆ ತಿಂಗಳ ತಿಥಿಗಳನ್ನೆಲ್ಲ ಅವಳು ಮೈಸೂರಿಗೆ ಫೋನ್ ಮಾಡಿಯೇ ತಿಳಿದುಕೊಳ್ಳಬೇಕಾಯಿತು, ಕ್ಯಾಲೆಂಡರ್ ಏನಾಯಿತೆಂಬ ಮಾವನವರ ಪ್ರಶ್ನೆಗೆ ಉತ್ತರಿಸಲು ಪ್ರತಿಸಲವೂ ಫೋನನ್ನು ನನ್ನ ಕೈಗೆ ಕೊಡುತ್ತಿದ್ದಳು.

ಕೊನೆಗೂ ನಮ್ಮವರು ಒಕ್ಕೂಟದ ಪ್ರಶಸ್ತಿ ಗೆದ್ದರು, ಹೊಸ ವರ್ಷದ ದಿನ ಕ್ಲೆಮ್ಸನ್ ತಂಡವನ್ನೂ ಸೋಲಿಸಿದರು. ರಾಷ್ಟ್ರೀಯ ಅಂತಿಮ ಪಂದ್ಯ ಜನವರಿ 11ಕ್ಕೆ, ಮಯಾಮಿಯ ಬಳಿ, ಅಲಬಾಮಾ ವಿರುದ್ಧ. ಅಷ್ಟರಲ್ಲಿ 2021ರ ಕ್ಯಾಲೆಂಡರ್ ಬಂದಿತ್ತು, ಅದನ್ನು ಹೆಂಡತಿ ಅಡುಗೆಮನೆಯ ಮೊಳೆಗೇ ತೂಗುಹಾಕಿದ್ದಳು. ಒಂದು ತಿಂಗಳಿನಿಂದ ನನ್ನೊಡನೆ ಹವಾಮಾನದ ವಿಷಯ ಬಿಟ್ಟು ಬೇರೇನೂ ಮಾತಾಡದಿದ್ದ ಹಿರಿಯರು ಅಂದು ಕಿಟಕಿಯ ಹೊರಗೆ ಹಿಮದಲ್ಲಿ ನಿಂತು ಗಾಜು ತಟ್ಟಿದರು. ನಾನು ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ಗಾಜಿಗೆ ಒತ್ತಿ ಹಿಡಿದೆ. ಅವರು ಬಾಗಿ, 11ರ ಚೌಕವನ್ನು ಬಹಳ ಹೊತ್ತು ಪರಿಶೀಲಿಸಿದರು. ಅಲ್ಲಿ ಬಿಳಿ ವೃತ್ತವೂ ಇರಲಿಲ್ಲ, ಕರಿ ವೃತ್ತವೂ ಇರಲಿಲ್ಲ.

"ಸರಿಯಾಗಿದೆ," ಎಂದರು ಮಾಸ್ಕಿನೊಳಗಿನಿಂದ. "ಮಯಾಮಿ ನಮ್ಮೂರೂ ಅಲ್ಲ, ಅವರ ಊರೂ ಅಲ್ಲ."

ಗೆಲ್ಲುವವರು ಯಾರೆಂದು ಅವರು ಕೇಳಲಿಲ್ಲ. ಕೇಳಿದ್ದರೂ ಈ ಸಲ ನಾನು ಬಾಯಿಬಿಡುತ್ತಿರಲಿಲ್ಲ. ಅಲಬಾಮಾ 52, ನಾವು 24.