ಭಾವನದ್ದು ಶೇರು, ನಂದು ಪಾಲಿಸಿ

ಭಾವ ಇರೋದು ಬೆಂಗಳೂರಲ್ಲಿ, ನಾನು ಕಾಸರಗೋಡಿನ ಪೆರ್ಲದಲ್ಲಿ. ಎಲ್‌ಐಸಿ ಇಬ್ರದ್ದೂ ಉಂಟು, ಆದ್ರೆ ಅವನ ಹತ್ರ ಇರೋದು 2022ರಲ್ಲಿ 949 ರೂಪಾಯಿಗೆ ಬಿಟ್ಟ ಶೇರು, ನನ್ನ ಹತ್ರ ಅಪ್ಪ ಮಾಡಿಸಿದ ಬೋನಸ್ ಪಾಲಿಸಿ, ಅಂದ್ರೆ ಮಿಗತೆಯಲ್ಲಿ ಪಾಲು ಸಿಗುವಂಥದ್ದು. 2024-25ರ ರಿಸಲ್ಟ್ ಬಂದ ದಿನ ಫೋನ್ ಮಾಡಿ "48,151 ಕೋಟಿ ಪ್ರಾಫಿಟ್ ಮಾರಾಯ" ಅಂದ. ಬೋನಸ್ ಎಷ್ಟು ಅಂತ ಕೇಳಿದೆ, ಅವಂಗೆ ಗೊತ್ತಿಲ್ಲ.

ಅವರ ಪ್ರಾಫಿಟ್ ನಮ್ಗೆ ಬರುವ ಲಾಭ ಅಲ್ಲ ಅಂತ ನಂಗೂ ಈಚೆಗೆ ತಿಳಿದದ್ದು. 2021-22ರಲ್ಲಿ ಲಾಭ ಬರೀ 4,043 ಕೋಟಿ, ಮರುವರ್ಷವೇ 36,397 ಕೋಟಿ. ವ್ಯಾಪಾರ ಏನು ಒಂಬತ್ತು ಪಾಲು ಆಯ್ತಾ? ಎಂತದೂ ಇಲ್ಲ. ಮೊದ್ಲು ಎಲ್ಲಾ ದುಡ್ಡೂ ಒಂದೇ ಅಟ್ಟದಲ್ಲಿ ಇದ್ದದ್ದು, 2021ರಲ್ಲಿ ಬೋನಸ್ ಇರುವ ಪಾಲಿಸಿದ್ದು ಬೇರೆ ಬೋನಸ್ ಇಲ್ಲದ್ದು ಬೇರೆ ಅಂತ ಎರಡು ಮಾಡಿದ್ರು, ಬೋನಸ್ ಇಲ್ಲದ್ರ ಲಾಭ ಪೂರ್ತಿ ಶೇರುದಾರರಿಗೆ, ಹಾಗೆ 2022-23ರಲ್ಲಿ 27 ಸಾವಿರ ಕೋಟಿಗಿಂತ ಜಾಸ್ತಿ ಶೇರುದಾರರ ಲೆಕ್ಕಕ್ಕೆ ಹೋಯ್ತು. ಬೋನಸ್ ಪಾಲಿಸಿಯ ಮಿಗತೆಯಲ್ಲೂ ಮೊದ್ಲು ನಮ್ಗೆ ನೂರಕ್ಕೆ 95 ಪಾಲು, ಈಗ 90.

ಹಾಗಾಗಿ ಕಂಪೆನಿ ಬೋನಸ್ ಇಲ್ಲದ ಪ್ಲಾನುಗಳನ್ನೇ ಮುಂದೆ ತಳ್ತಾ ಉಂಟು. ವೈಯಕ್ತಿಕ ವ್ಯಾಪಾರದಲ್ಲಿ ಅವುಗಳ ಪಾಲು 2024-25ರ ಒಂದೇ ವರ್ಷದಲ್ಲಿ ನೂರಕ್ಕೆ 18ರಿಂದ 28ರ ಹತ್ರ ಬಂತು. ಭಾವಂಗೆ ಇದು ಖುಷಿ. ನಂಗೆ ಕಾಣುವ ಅಪಾಯ ಬೇರೆ, ಇಂತಿಷ್ಟು ಕೊಡ್ತೇವೆ ಅಂತ ಗ್ಯಾರಂಟಿ ಬರ್ಕೊಟ್ಟ ಮೇಲೆ ಬಡ್ಡಿ ಇಳಿದ್ರೆ ಆ ಹೊರೆ ಕಂಪೆನಿ ತಲೆಗೇ. ಇನ್ನೊಂದು, ಅದೇ ವರ್ಷ ಮಾರಿದ ಪಾಲಿಸಿ 2.04 ಕೋಟಿಯಿಂದ 1.78 ಕೋಟಿಗೆ ಇಳಿದದ್ದು. ಲಾಭ ಏರ್ತಾ ಗಿರಾಕಿ ಕಮ್ಮಿ ಆಗ್ತಿದ್ರೆ ನಮ್ಮ ಪೇಟೆಯ ಅಂಗಡಿಯವರೂ ತಲೆ ಕೆರ್ಕೊಳ್ತಾರೆ.

ಪಾಲಿಸಿ ಮಾಡಿದವರಲ್ಲಿ ಎಷ್ಟು ಜನ ಎರಡನೇ ವರ್ಷವೂ ಕಂತು ಕಟ್ಟಿದ್ರು ಅಂತ ಒಂದು ಲೆಕ್ಕ ಉಂಟು, ಪ್ರೀಮಿಯಂ ಪ್ರಕಾರ 2024-25ರಲ್ಲಿ ಅದು ನೂರಕ್ಕೆ 75ರ ಆಸುಪಾಸು ಇತ್ತು. ಭಾವಂಗೆ ಅದೊಂದು ಪರ್ಸೆಂಟೇಜು. ನಮ್ಮಲ್ಲಿ ಅದು ಮಳೆಗೆ ಅಡಿಕೆಗೆ ಬರುವ ಕೊಳೆರೋಗ. ಅಡಿಕೆ ಕೊಟ್ಟ ಮೇಲೆ ಕಂತು ಅಂತ ಏಜೆಂಟ್ ಮಾಷ್ಟ್ರ ಡೈರಿಯಲ್ಲಿ ಪೆನ್ಸಿಲಲ್ಲಿ ಬರ್ದಿರ್ತದೆ, ಮಳೆ ಜೋರಾಗಿ ಬೋರ್ಡೋ ಮದ್ದು ಹೊಡ್ಲಿಕ್ಕೆ ಆಗದ ವರ್ಷ ಆ ಸಾಲು ಹಾಗೇ ಉಳೀತದೆ.

ಪಕ್ಕದ ಮನೆ ಮಲಯಾಳಿಗಳದ್ದು ಮತ್ತೊಂದೇ ದಾರಿ. ಅವರಿಗೆ ಚಿಟ್ಟಿ, ಅಂದ್ರೆ ಚೀಟಿ ಫಂಡು, ಅದೂ ಕೇರಳ ಸರ್ಕಾರ 1969ರಲ್ಲಿ ಶುರು ಮಾಡಿದ ಕೆಎಸ್ಎಫ್ಇಯದ್ದು. ಮಗಳ ಮದುವೆ ಹತ್ರ ಬಂದ್ರೆ ಕೂಗಿ ಹಿಡಿದು ದುಡ್ಡು ತರ್ತಾರೆ, "ನಿಮ್ಮದು ಸತ್ತ ಮೇಲೆ ಬರುವ ದುಡ್ಡಲ್ವಾ" ಅಂತ ನಗ್ತಾರೆ. ಬೆಂಗಳೂರಿನವರು ಸತ್ರೆ ಮಾತ್ರ ದುಡ್ಡು ಬರುವ ಟರ್ಮ್ ಪಾಲಿಸಿ ಬೇರೆ, ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ಹಾಕುವ ಎಸ್ಐಪಿ ಬೇರೆ ಅಂತಾರೆ. ಲೆಕ್ಕದಲ್ಲಿ ಅವರೇ ಸರಿ ಅನ್ಸ್ತದೆ, ಆದ್ರೆ ಆಪ್ ನೋಡಿ ಮಾರ್ಕೆಟ್ ಬಿದ್ದ ದಿನ ಊಟ ಬಿಡುವವನೂ ಭಾವನೇ.

ಕಂಪೆನಿ ಮುಳುಗ್ತದೆ ಅಂತ ಹೆದರಿಕೆ ನಂಗಿಲ್ಲ. ಹೊಣೆ ತೀರಿಸುವ ತಾಕತ್ತಿನ ಲೆಕ್ಕ, ಸಾಲ್ವೆನ್ಸಿ, 1.5 ಇದ್ರೆ ಸಾಕು, 2025ರ ಮಾರ್ಚಿಗೆ ಇದ್ದದ್ದು 2.11. ಮೇಲಿಂದ 1956ರ ಎಲ್ಐಸಿ ಕಾಯ್ದೆಯ 37ನೇ ಸೆಕ್ಷನ್ ಪ್ರಕಾರ ಪಾಲಿಸಿ ಮೊತ್ತ, ಘೋಷಿಸಿದ ಬೋನಸ್ಸು, ಎರಡಕ್ಕೂ ಕೇಂದ್ರ ಸರ್ಕಾರದ ಗ್ಯಾರಂಟಿ. ಶೇರಿಗೆ ಆ ಗ್ಯಾರಂಟಿ ಇಲ್ಲ ಅಂದದ್ದಕ್ಕೆ ಭಾವ ಎರಡು ವಾರ ಫೋನ್ ಮಾಡ್ಲಿಲ್ಲ.